ಡಾ. ಜೇಮ್ಸ್ ಹಟನ್ (1726–1797): ಗ್ರಾನೈಟ್ ಶಿಲೆಯ ಮೂಲವನ್ನು ತೋರಿಸಿಕೊಟ್ಟ ಭೂವಿಜ್ಞಾನಿ

(ಸಾರ್ವಜನಿಕರ ಮಾಹಿತಿಗಾಗಿ)

ಗ್ರಾನೈಟ್ ಶಿಲೆಯು ಭೂಮಿಯ ಆಳದಲ್ಲಿ ಕರಗಿದ ಶಿಲಾರಸವು ನಿಧಾನವಾಗಿ ತಣಿದು ಗಟ್ಟಿಗೊಂಡಾಗ ಉಂಟಾಗುತ್ತದೆ ಎಂಬುದು ಇಂದು ಸರ್ವವಿದಿತ. 18ನೇ ಶತಮಾನದಲ್ಲಿ ಈ ಮಾತನ್ನು ಒಪ್ಪುವವರು ವಿರಳವಾಗಿದ್ದರು. ಇದಕ್ಕೆ ಪರ್ವತ ಶ್ರೇಣಿಯೊಂದರಲ್ಲಿ ಪ್ರತ್ಯಕ್ಷ ಸಾಕ್ಷ್ಯವನ್ನು ಒದಗಿಸಿದವರು ಸ್ಕಾಟ್ಲೆಂಡಿನ ಡಾ. ಜೇಮ್ಸ್ ಹಟನ್. ಇವರನ್ನು ಆಧುನಿಕ ಭೂವಿಜ್ಞಾನದ ಪಿತಾಮಹರೆಂದು ಗೌರವಿಸಲಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಹಟನ್‌ರವರು 1726ರಲ್ಲಿ ಎಡಿನ್‌ಬರೋ ನಗರದ ವರ್ತಕ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. 14ನೇ ವಯಸ್ಸಿಗೆ ವಿಶ್ವವಿದ್ಯಾಲಯವನ್ನು ಸೇರಿ, ಬಳಿಕ ವಕೀಲರೊಬ್ಬರ ಕಚೇರಿಯಲ್ಲಿ ಅಭ್ಯರ್ಥಿಯಾಗಿ ಸೇರಿದರೂ ರಸಾಯನಶಾಸ್ತ್ರದ ಪ್ರಯೋಗಗಳತ್ತಲೇ ಅವರ ಮನಸ್ಸು ಹರಿಯಿತು. ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ 1749ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರಾದರೂ ವೈದ್ಯವೃತ್ತಿಯನ್ನು ಕೈಗೊಳ್ಳಲಿಲ್ಲ. ಹೊಗೆಮಸಿಯಿಂದ ನವಸಾಗರವನ್ನು ತಯಾರಿಸುವ ಉದ್ಯಮದಲ್ಲಿ ಪಾಲುದಾರರಾದರು. ಪಿತ್ರಾರ್ಜಿತ ಜಮೀನಿನಲ್ಲಿ ಹಲವು ವರ್ಷ ಬೇಸಾಯ ಮಾಡಿದರು. ಮಳೆನೀರಿನೊಡನೆ ಮಣ್ಣು ಕೊಚ್ಚಿಹೋಗಿ ಸಮುದ್ರ ಸೇರುವುದನ್ನು ಕಂಡು, ಹೊಸ ನೆಲವು ಎಲ್ಲಿಂದ ಹುಟ್ಟುತ್ತದೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿದರು.

ಅಂದಿನ ವಿವಾದ

ಜರ್ಮನಿಯ ಅಬ್ರಹಾಂ ವರ್ನರ್ ಮತ್ತು ಅವರ ಅನುಯಾಯಿಗಳ ಪ್ರಕಾರ ಗ್ರಾನೈಟ್ ಆದಿಸಾಗರದ ನೀರಿನಿಂದ ಹರಳುಗಟ್ಟಿದ, ಎಲ್ಲಕ್ಕಿಂತ ಪ್ರಾಚೀನವಾದ ಶಿಲೆ. ಹಟನ್‌ರವರ ಸಿದ್ಧಾಂತ ಇದಕ್ಕೆ ವ್ಯತಿರಿಕ್ತವಾಗಿತ್ತು. ಭೂಗರ್ಭದ ಶಾಖದಿಂದ ಕರಗಿದ ದ್ರವ್ಯವು ಮೇಲಿನ ಶಿಲೆಗಳೊಳಗೆ ನುಗ್ಗಿ ಗಟ್ಟಿಯಾಗುತ್ತದೆ ಎಂದು ಅವರು ಪ್ರತಿಪಾದಿಸಿದರು. ಈ ಪ್ರಬಂಧವು 1785ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಎಡಿನ್‌ಬರೋ ರಾಯಲ್ ಸೊಸೈಟಿಯಲ್ಲಿ ಮಂಡನೆಯಾಯಿತು. ಅನಾರೋಗ್ಯದ ನಿಮಿತ್ತ ಮೊದಲ ಭಾಗವನ್ನು ಅವರ ಮಿತ್ರ, ರಸಾಯನಶಾಸ್ತ್ರಜ್ಞ ಜೋಸೆಫ್ ಬ್ಲ್ಯಾಕ್ ಓದಿದರು.

ಗ್ಲೆನ್ ಟಿಲ್ಟ್ ಕಣಿವೆಯ ಸಾಕ್ಷ್ಯ

ಸಿದ್ಧಾಂತವನ್ನು ಮಂಡಿಸಿದ ಮಾತ್ರಕ್ಕೆ ಹಟನ್ ತೃಪ್ತರಾಗಲಿಲ್ಲ. ಗ್ರಾನೈಟ್ ದ್ರವರೂಪದಲ್ಲಿ ನುಗ್ಗಿದ್ದೇ ಆದಲ್ಲಿ, ಅದು ಇತರ ಶಿಲೆಯನ್ನು ಸಂಧಿಸುವ ಸ್ಥಳದಲ್ಲಿ ಅದರ ಕವಲುಗಳು ಆ ಶಿಲೆಯನ್ನು ಸೀಳಿರಬೇಕು. ಹಾಗೆ ಕಾಣದಿದ್ದಲ್ಲಿ ಸಿದ್ಧಾಂತಕ್ಕೇ ಧಕ್ಕೆ. ಇದನ್ನು ಪರೀಕ್ಷಿಸಲು ಅವರು ಅದೇ ವರ್ಷದ ಶರತ್ಕಾಲದಲ್ಲಿ, ತಮ್ಮ 59ನೇ ವಯಸ್ಸಿನಲ್ಲಿ, ಮಿತ್ರ ಜಾನ್ ಕ್ಲರ್ಕ್ ಅವರೊಂದಿಗೆ ಗ್ರಾಂಪಿಯನ್ ಪರ್ವತಗಳ ಗ್ಲೆನ್ ಟಿಲ್ಟ್ ಕಣಿವೆಗೆ ತೆರಳಿದರು. ಟಿಲ್ಟ್ ನದಿಯ ಪಾತ್ರದಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಕಪ್ಪು ಪದರಶಿಲೆಯನ್ನು ಭೇದಿಸಿ ಹರಡಿದ್ದವು. ಅವರ ಸಂತೋಷವನ್ನು ಕಂಡ ಮಾರ್ಗದರ್ಶಕರು ಚಿನ್ನ ಅಥವಾ ಬೆಳ್ಳಿಯ ಅದಿರು ದೊರಕಿರಬೇಕೆಂದು ಭಾವಿಸಿದರಂತೆ.

ಸೀಳುವ ಶಿಲೆಯು ಸೀಳಲ್ಪಟ್ಟ ಶಿಲೆಗಿಂತ ಕಿರಿಯದು. ಆದ್ದರಿಂದ ಅಲ್ಲಿನ ಗ್ರಾನೈಟ್ ಅತ್ಯಂತ ಪ್ರಾಚೀನ ಶಿಲೆಯಾಗಿರಲು ಸಾಧ್ಯವಿರಲಿಲ್ಲ. 1786ರಲ್ಲಿ ಗ್ಯಾಲೊವೇ ಪ್ರದೇಶದಲ್ಲಿ ಹಾಗೂ 1787ರಲ್ಲಿ ಆರನ್ ದ್ವೀಪದಲ್ಲಿ ಅವರು ಇಂತಹುದೇ ಸಾಕ್ಷ್ಯಗಳನ್ನು ಕಂಡರು.

ಕೊನೆಯ ದಿನಗಳು ಮತ್ತು ನಂತರದ ಬೆಳವಣಿಗೆ

1793ರಲ್ಲಿ ಐರ್ಲೆಂಡಿನ ರಿಚರ್ಡ್ ಕಿರ್ವಾನ್ ಹಟನ್‌ರವರ ವಿಚಾರಗಳನ್ನು ತೀವ್ರವಾಗಿ ಖಂಡಿಸಿದರು. ಕಾಯಿಲೆಯಿಂದ ಬಳಲುತ್ತಿದ್ದರೂ ಹಟನ್ 1795ರಲ್ಲಿ ತಮ್ಮ ಗ್ರಂಥವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿ, 1797ರ ಮಾರ್ಚ್ 26ರಂದು ನಿಧನರಾದರು. ಗ್ರಾನೈಟಿನ ಕ್ಷೇತ್ರಕಾರ್ಯದ ವಿವರಗಳುಳ್ಳ ಮೂರನೆಯ ಸಂಪುಟದ ಹಸ್ತಪ್ರತಿಯು ಬೆಳಕು ಕಂಡದ್ದು 1899ರಲ್ಲಿ.

ಕರಗಿದ ಕಲ್ಲು ತಣಿದರೆ ಗಾಜಾಗುತ್ತದೆಯೇ ಹೊರತು ಹರಳುಗಳುಳ್ಳ ಶಿಲೆಯಾಗದು ಎಂಬುದು ವಿರೋಧಿಗಳ ಪ್ರಮುಖ ಆಕ್ಷೇಪಣೆಯಾಗಿತ್ತು. ಹಟನ್‌ರವರ ಮಿತ್ರ ಜೇಮ್ಸ್ ಹಾಲ್ ಕಪ್ಪುಶಿಲೆಯನ್ನು ಕುಲುಮೆಯಲ್ಲಿ ಕರಗಿಸಿ, ಬಹು ನಿಧಾನವಾಗಿ ತಣಿಸಿದಾಗ ಅದು ಮತ್ತೆ ಹರಳುಗಟ್ಟುವುದನ್ನು ತೋರಿಸಿ ಇದಕ್ಕೆ ಉತ್ತರ ನೀಡಿದರು. 1958ರಲ್ಲಿ ಟಟಲ್ ಮತ್ತು ಬೋವನ್ ಪ್ರಕಟಿಸಿದ ಪ್ರಯೋಗಗಳು, ಅಧಿಕ ಒತ್ತಡದಲ್ಲಿ ನೀರಿನ ಅಂಶವಿದ್ದಲ್ಲಿ ಗ್ರಾನೈಟ್ ಸುಮಾರು 650ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೇ ಕರಗಬಲ್ಲದೆಂದು ಸಾಬೀತುಪಡಿಸಿದವು. ಹೀಗೆ ಶಾಖವೇ ಮೂಲ ಕಾರಣವೆಂಬುದು ದೃಢಪಟ್ಟಿತು; ನೀರಿಗೂ ಅದರಲ್ಲಿ ಪಾತ್ರವಿದೆಯೆಂಬುದು ತಿಳಿಯಿತು.

ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ

ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ ಗುರುತಿಸಲ್ಪಡುವ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದುದು. ಅದು ಇನ್ನೂ ಹಳೆಯದಾದ ನೈಸ್ ಶಿಲೆಗಳೊಳಗೆ ನುಗ್ಗಿದೆ ಎಂಬುದನ್ನು ಭೂವಿಜ್ಞಾನಿಗಳು ನಿರ್ಣಯಿಸುವುದು ಇದೇ ತತ್ವದ ಆಧಾರದಿಂದ. ವ್ಯಾಪಾರದಲ್ಲಿ ಕಪ್ಪು ಗ್ರಾನೈಟ್ ಎಂದು ಕರೆಯಲ್ಪಡುವ ಚಾಮರಾಜನಗರದ ಕಲ್ಲು ವಾಸ್ತವವಾಗಿ ಡಾಲರೈಟ್ ಎಂಬ ಬೇರೆ ಅಗ್ನಿಶಿಲೆ. ಕಲ್ಲುಗಣಿಗೆ ಅರ್ಜಿ ಸಲ್ಲಿಸುವವರು ವ್ಯಾಪಾರದ ಹೆಸರು ಮತ್ತು ಶಾಸ್ತ್ರೀಯ ಹೆಸರುಗಳ ನಡುವಿನ ಈ ವ್ಯತ್ಯಾಸವನ್ನು ಅರಿತಿರುವುದು ಉಪಯುಕ್ತ.