ಗೌರಮ್ಮ ಬರೆದಿಟ್ಟ ಲೆಕ್ಕ

1991ರ ಜನಗಣತಿಯ ಸಮಯದಲ್ಲಿ ನಾನು ಸರ್ಕಾರಿ ಸೇವೆಯಲ್ಲಿದ್ದೆ. ನನ್ನ ಮೇಜಿನ ಮೇಲೆ ಹಾದುಹೋದ ತಖ್ತೆಗಳಲ್ಲಿ, ಮನೆಗೆಲಸವಷ್ಟೇ ಮಾಡುವ ಗೃಹಿಣಿಯರು ಕೆಲಸಗಾರರಲ್ಲದವರ ಅಂಕಣದಲ್ಲಿದ್ದರು. ಬಣಕಲ್‌ನ ನಮ್ಮ ಮನೆಯಲ್ಲಿ ಕೋಳಿ ಕೂಗುವ ಮುನ್ನ ಎದ್ದು ಹಂಡೆಗೆ ಉರಿ ಹಾಕಿ, ಹಾಲು ಕರೆದು, ಎರಡು ಹೊತ್ತಿನ ಅಡುಗೆಯ ನಡುವೆ ಕಣದಲ್ಲಿ ಒಣಗುವ ಕಾಫಿಯ ಮೇಲೂ ಕಣ್ಣಿಡುತ್ತಿದ್ದ ನನ್ನ ತಾಯಿ ಸೇರಿದ್ದೂ ಅದೇ ಅಂಕಣಕ್ಕೆ. ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾದ ನನಗೆ ಅಂದು ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತಪ್ಪು ಕಂಡದ್ದು ನಿವೃತ್ತಿಯ ನಂತರ, ಕೊಡಗಿನ ಗೌರಮ್ಮನವರ ಕತೆಗಳನ್ನು ಓದಿದಾಗ.

ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡರು. ಬಿ.ಟಿ. ಗೋಪಾಲಕೃಷ್ಣ ಅವರನ್ನು ವಿವಾಹವಾಗಿ ಸುಂಟಿಕೊಪ್ಪದ ಬಳಿಯ ಕಾಫಿ ತೋಟದಲ್ಲಿ ಸಂಸಾರ ಹೂಡಿದರು. ಪತಿ ಅಲ್ಲಿ ವ್ಯವಸ್ಥಾಪಕರು. ಮಲೆನಾಡಿನ ತೋಟದ ಮನೆಯ ಬದುಕನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಮಳೆ ಹಿಡಿಯಿತೆಂದರೆ ವಾರಗಟ್ಟಲೆ ನೆರೆಮನೆಯ ಮುಖ ಕಾಣದು. ಆ ಏಕಾಂತದಲ್ಲಿ ಅವರು ಓದಿದರು, ಬರೆದರು. ಟೆನಿಸ್ ಆಡಿದರು, ಈಜಿದರು. 1930ರ ದಶಕದ ಗೃಹಿಣಿಗೆ ಇವೆಲ್ಲ ಸುಲಭವಾಗಿ ದಕ್ಕುವ ಸಂಗತಿಗಳಾಗಿರಲಿಲ್ಲ. ಇಷ್ಟಾದರೂ ಕತೆಗಳ ಕೆಳಗೆ ಅವರು ಹಾಕುತ್ತಿದ್ದುದು ಪತಿಯ ಹೆಸರಿಗೆ ಮಿಸೆಸ್ ಸೇರಿಸಿದ ಅಂಕಿತವನ್ನು.

1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಗೌರಮ್ಮ ಉಪವಾಸ ಕುಳಿತರು. ಗಾಂಧೀಜಿ ಬಂದರು, ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಅರ್ಪಿಸಿದರು. ಹೆಂಗಸಿಗೆ ಸ್ವಂತದ್ದೆನ್ನಲು ಒಡವೆಯ ಹೊರತು ಬೇರೆ ಆಸ್ತಿಯೇ ಇಲ್ಲದಿದ್ದ ಕಾಲವದು. ಕೊಟ್ಟದ್ದರ ಬೆಲೆಯನ್ನು ಆ ಲೆಕ್ಕದಲ್ಲಿ ಅಳೆಯಬೇಕು.

ಆ ದಶಕದಲ್ಲಿ ಜಾಗತಿಕ ಮುಗ್ಗಟ್ಟಿನಿಂದ ಕಾಫಿಯ ಬೆಲೆ ಕುಸಿದಿತ್ತು. 1935ರಲ್ಲಿ ಕಾಫಿ ಸೆಸ್ ಕಾನೂನು ಬಂತು, 1942ರಲ್ಲಿ ಕಾಫಿ ಮಂಡಳಿಗೆ ಆಧಾರವಾದ ಕಾನೂನು ಬಂತು. ಬೆಲೆ, ಇಳುವರಿ, ರಫ್ತು ಎಲ್ಲವೂ ಕಡತಗಳಲ್ಲಿವೆ. ಅದೇ ವರ್ಷಗಳಲ್ಲಿ ವಿಧವೆಯೊಬ್ಬಳ ದಿನ ಹೇಗೆ ಕಳೆಯುತ್ತಿತ್ತು, ಮರುಮದುವೆಯ ಆಸೆ ಅವಳನ್ನು ಹೇಗೆ ಸುಡುತ್ತಿತ್ತು, ಜಾತಿಯ ಗೆರೆ ದಾಟಿದ ಪ್ರೀತಿಗೆ ಯಾರು ದಂಡ ತೆರುತ್ತಿದ್ದರು ಎಂಬುದು ಯಾವ ಕಡತದಲ್ಲೂ ಇಲ್ಲ. ಗೌರಮ್ಮನವರ ಕತೆಗಳಲ್ಲಿದೆ.

1939ರ ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಈಜಲು ಇಳಿದ ಅವರು ಸುಳಿಗೆ ಸಿಲುಕಿ ತೀರಿಕೊಂಡರು. ವಯಸ್ಸು 27. ‘ಕಂಬನಿ’, ‘ಚಿಗುರು’ ಸಂಕಲನಗಳು ಪ್ರಕಟವಾದದ್ದು ಆಮೇಲೆ. ತಂಗಿಯೆಂದೇ ಭಾವಿಸಿದ್ದ ಬೇಂದ್ರೆಯವರು ಅವರ ನೆನಪಿಗೆ ಕವಿತೆ ಬರೆದರು. ಮಡಿಕೇರಿಯವರೇ ಆದ ದೀಪಾ ಭಾಸ್ತಿ 2023ರಲ್ಲಿ ಅವರ ಕತೆಗಳನ್ನು ಇಂಗ್ಲಿಷಿಗೆ ತಂದರು.

ಗೌರಮ್ಮನವರ ಲೆಕ್ಕವೂ ಪೂರ್ಣವಲ್ಲ. ಅವರು ಹೆಚ್ಚಾಗಿ ಕಂಡದ್ದು ಮಧ್ಯಮ ವರ್ಗದ ಮನೆಗಳ ಒಳಗನ್ನು. ಹಣ್ಣು ಕೊಯ್ದು ಸಂಜೆ ಲೈನ್‌ ಮನೆಗೆ ಮರಳಿ ಮತ್ತೆ ಒಲೆ ಹೊತ್ತಿಸುತ್ತಿದ್ದ ಹೆಣ್ಣಾಳಿನ ಹೆಸರು ಚೆಕ್‌ರೋಲಿನಲ್ಲಿ ಸಿಕ್ಕೀತು, ಅದೂ ಹಗಲಿನ ಹಾಜರಿಗಾಗಿ. ಅವಳ ಉಳಿದ ದಿನಕ್ಕೆ ಲೆಕ್ಕ ಬರೆದವರಿಲ್ಲ.

2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಾರೆಂದು ಕಂಡುಬಂತು. ಗೌರಮ್ಮ ತೀರಿಕೊಂಡು ಎಂಬತ್ತು ವರ್ಷಗಳಾದ ಮೇಲೆ ಸರ್ಕಾರಕ್ಕೆ ಸಿಕ್ಕ ಅಂಕಿಯಿದು. ನಿಮಿಷಗಳನ್ನು ಎಣಿಸಬಹುದು, ಆ ನಿಮಿಷಗಳಲ್ಲಿ ಮನಸ್ಸು ಏನನ್ನು ನುಂಗಿಕೊಂಡಿತು ಎಂಬುದನ್ನು ಅವರೇ ಹೇಳಬೇಕು, ಕೇಳುವವರು ಬೇಕು. ನನ್ನ ತಾಯಿ ಈಗಿಲ್ಲ. ನಾನು ಒಮ್ಮೆಯೂ ಕೇಳಲಿಲ್ಲ. ಬಣಕಲ್‌ನ ಜಗಲಿಗಳಲ್ಲಿ, ಲೈನ್‌ ಮನೆಗಳಲ್ಲಿ ಅವರ ವಾರಿಗೆಯವರು ಕೆಲವರು ಇನ್ನೂ ಇದ್ದಾರೆ. ಮುಂದಿನ ಮಳೆಗಾಲಕ್ಕೆ ಮುನ್ನ ಒಂದು ನೋಟ್‌ಪುಸ್ತಕ ಹಿಡಿದು ಅವರ ಬಳಿ ಹೋಗಿ ಕೂರುವುದೆಂದು ನಿಶ್ಚಯಿಸಿದ್ದೇನೆ.