ಕೈರೇಡಿಯೋದ ಹಿಂದಿನ ಬಾಳು

ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗನ ಹೆಸರನ್ನು ನಮ್ಮಲ್ಲಿ ಬಲ್ಲವರು ವಿರಳ. ಮಾರ್ಕೋನಿಯನ್ನು ಬಲ್ಲರು, ಜಗದೀಶಚಂದ್ರ ಬೋಸರನ್ನು ಅಭಿಮಾನದಿಂದಲೇ ಬಲ್ಲರು. ಆರ್ಮ್‌ಸ್ಟ್ರಾಂಗ್ ಎಂದೊಡನೆ ಮಾತ್ರ ಚಂದ್ರನ ಮೇಲೆ ಕಾಲಿಟ್ಟಾತನೇ ಎಂದು ಕೇಳುತ್ತಾರೆ. ಇವನು ಅವನಲ್ಲ. ಇವನು ಏರಿದ್ದು ಚಂದ್ರಲೋಕಕ್ಕಲ್ಲ, ರೇಡಿಯೋ ಗೋಪುರಗಳ ತುದಿಗೆ.

ಭೌತಶಾಸ್ತ್ರದ ಪಾಠ ಹೇಳುವವನೆಂಬ ಕಾರಣಕ್ಕೆ, ಬೆಟ್ಟ ಕಾಡುಗಳಿಗೆ ಹೊರಟ ತರುಣರು ಯಾವ ವಾಕಿ-ಟಾಕಿಯನ್ನು ಕೊಳ್ಳಬೇಕೆಂದು ನನ್ನನ್ನು ಕೇಳುವುದುಂಟು. ಅಮೆರಿಕದ ಅರಣ್ಯಗಳಲ್ಲಿ ಜಿಂಕೆಯ ಬೇಟೆಗೆ ಹೋಗುವವರು ಕೇಳುವ ಪ್ರಶ್ನೆಯೂ ಇದೇ. ಪೆಟ್ಟಿಗೆಯ ಮೇಲೆ 30ಕ್ಕೂ ಹೆಚ್ಚು ಮೈಲಿ ಕೇಳಿಸುವುದೆಂದು ಅಚ್ಚಾಗಿರುತ್ತದೆ. ದಟ್ಟ ಮರಗಳ ನಡುವೆ ಒಂದೆರಡು ಮೈಲಿ ಸಾಗಿದರೆ ಅದೇ ಭಾಗ್ಯ. ಈ ವ್ಯತ್ಯಾಸವೇಕೆಂದು ವಿವರಿಸಹೊರಟಾಗಲೆಲ್ಲ ನಾನು ಆರ್ಮ್‌ಸ್ಟ್ರಾಂಗನ ಬಾಳಿಗೇ ಬಂದು ನಿಲ್ಲುತ್ತೇನೆ. ಆ ಪುಟ್ಟ ಪೆಟ್ಟಿಗೆಯೊಳಗಿನ ಮುಖ್ಯ ತತ್ತ್ವಗಳು ಅವನವು. ಅವುಗಳಿಗಾಗಿ ಅವನು ತೆತ್ತ ಬೆಲೆ ಯಾವ ಅಂಗಡಿಯ ಪಟ್ಟಿಯಲ್ಲಿಯೂ ಇಲ್ಲ.

ಅವನು ಹುಟ್ಟಿದ್ದು 1890ರ ಡಿಸೆಂಬರ್ 18ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದ ಅಮೆರಿಕದ ಶಾಖೆಯಲ್ಲಿದ್ದವರು, ತಾಯಿ ಉಪಾಧ್ಯಾಯಿನಿಯಾಗಿದ್ದವರು. ಬಾಲ್ಯದಲ್ಲಿ ನರಗಳಿಗೆ ತಗುಲಿದ ಒಂದು ಕಾಯಿಲೆ ಹುಡುಗನನ್ನು ಎರಡು ವರ್ಷ ಶಾಲೆಯಿಂದ ದೂರವಿರಿಸಿತು. ಕಾಯಿಲೆ ಹೋಯಿತು, ಆದರೆ ಭುಜವೂ ದವಡೆಯೂ ಆಗಾಗ ತಾವಾಗಿಯೇ ಅದುರುವ ದೋಷ ಕಡೆಯವರೆಗೂ ಉಳಿಯಿತು. ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಎಂಬ ಊರಿನಲ್ಲಿ, ಮನೆಯ ಮೇಲಟ್ಟದ ಕೋಣೆಯಲ್ಲಿ, ಹುಡುಗನ ನಿಸ್ತಂತು ಪ್ರಯೋಗಗಳು ನಡೆದವು. ಹಿತ್ತಿಲಿನಲ್ಲಿ ಅವನೇ ನಿಲ್ಲಿಸಿದ ಆಂಟೆನಾದ ಕಂಬ 125 ಅಡಿ ಎತ್ತರವಿತ್ತು. ಹಗ್ಗದ ತೊಟ್ಟಿಲಿನಲ್ಲಿ ಕುಳಿತು ಅದರ ತುದಿಗೇರುತ್ತಿದ್ದ ಮಗನನ್ನು ಆ ತಾಯಿ ಯಾವ ಎದೆಯಿಂದ ನೋಡುತ್ತಿದ್ದಳೋ!

ಎತ್ತರದ ಈ ಹುಚ್ಚನ್ನು ಹುಡುಗಾಟವೆಂದು ತಳ್ಳಿಹಾಕಲಾಗದು. ಕೈರೇಡಿಯೋ ಬಳಸುವ ಅಲೆಗಳು ಹೆಚ್ಚುಕಡಿಮೆ ದೃಷ್ಟಿಯಂತೆ ನೇರವಾಗಿ ಸಾಗತಕ್ಕವು. ಬಯಲಿನಲ್ಲಿ ನಿಂತವನಿಗೆ ದಿಗಂತ ಸುಮಾರು 3 ಮೈಲಿ. 400 ಅಡಿಯ ಗುಡ್ಡವನ್ನೇರಿದವನಿಗೆ ಸುಮಾರು 24 ಮೈಲಿ. ಶಕ್ತಿಯನ್ನು ಇಮ್ಮಡಿಸುವುದಕ್ಕಿಂತ ನಾಲ್ಕು ಹೆಜ್ಜೆ ಮೇಲೇರಿ ಮಾತನಾಡುವುದು ಲೇಸು. ಪೆಟ್ಟಿಗೆಯ ಮೇಲಿನ ಮೈಲಿಗಳು ಶಿಖರದಿಂದ ಕಣಿವೆಗೆ ಅಡ್ಡಿಯಿಲ್ಲದೆ ಮಾತನಾಡುವವರ ಮೈಲಿಗಳು.

ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಪ್ರಾಧ್ಯಾಪಕ ಮೈಕೇಲ್ ಪ್ಯೂಪಿನ್ ಗುರುವಾದರು. ಕೆಂಪು ಬಣ್ಣದ ಮೋಟಾರ್ ಸೈಕಲ್ಲಿನಲ್ಲಿ ದಿನವೂ ಯಾಂಕರ್ಸಿನಿಂದ ಪಾಠಕ್ಕೆ ಬರುತ್ತಿದ್ದ ಈ ವಿದ್ಯಾರ್ಥಿ, ಲೀ ಡಿ ಫಾರೆಸ್ಟ್ ರಚಿಸಿದ್ದ ಆಡಿಯಾನ್ ಎಂಬ ವಾಲ್ವು ನಿಜವಾಗಿ ಹೇಗೆ ಕೆಲಸ ಮಾಡುವುದೆಂಬುದನ್ನು ಅದನ್ನು ರಚಿಸಿದವನಿಗಿಂತ ಚೆನ್ನಾಗಿ ಅರಿತನು. 1912ರಲ್ಲಿ, ವಾಲ್ವಿನಿಂದ ಹೊರಬಂದ ಸಂಕೇತದ ಒಂದಂಶವನ್ನು ಮತ್ತೆ ಅದರ ಬಾಯಿಗೇ ಹಿಂದಿರುಗಿಸಿದರೆ ಕ್ಷೀಣಸ್ವರ ಸಾವಿರಾರು ಪಟ್ಟು ಬಲಗೊಳ್ಳುವುದೆಂದು ಕಂಡುಕೊಂಡನು. ಇನ್ನೂ ಒಂದು ಹೆಜ್ಜೆ ಮುಂದೊತ್ತಿದರೆ ಅದೇ ವಾಲ್ವು ತಾನೇ ಅಲೆಗಳನ್ನು ಹೊಮ್ಮಿಸುವ ಪ್ರೇಷಕವಾಗುತ್ತಿತ್ತು. ಪೇಟೆಂಟಿಗೆ ಹಣ ಕೇಳಿದಾಗ ತಂದೆ, ಮೊದಲು ಪದವಿ ಮುಗಿಯಲಿ ಎಂದುಬಿಟ್ಟರು. ಮಗನು ತನ್ನ ವಿದ್ಯುನ್ಮಂಡಲದ ನಕ್ಷೆಯೊಂದನ್ನು ಬರೆದು ನೋಟರಿಯಿಂದ ಮುದ್ರೆ ಹಾಕಿಸಿಟ್ಟನು. ಅಂದು 1913ರ ಜನವರಿ 31. ಪೇಟೆಂಟಿನ ಅರ್ಜಿ ಹೋದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಆ ಕೆಲವು ತಿಂಗಳುಗಳ ವಿಳಂಬ ಮುಂದೆ ಎಷ್ಟು ದುಬಾರಿಯಾಯಿತೆಂಬುದನ್ನು ಆಗ ಯಾರು ತಾನೆ ಊಹಿಸಬಹುದಾಗಿತ್ತು?

ಮೊದಲನೆಯ ಮಹಾಯುದ್ಧದಲ್ಲಿ ಅವನು ಅಮೆರಿಕದ ಸೈನ್ಯದ ಸಂದೇಶದಳದ ಅಧಿಕಾರಿಯಾಗಿ ಪ್ಯಾರಿಸಿಗೆ ಹೋದನು. 1918ರಲ್ಲಿ ಅಲ್ಲಿ ಸಿದ್ಧವಾದದ್ದು ಸೂಪರ್‌ಹೆಟರೊಡೈನ್ ಎಂಬ ಗ್ರಾಹಕ. ಹಿಡಿಯಲು ಬಲು ಕಷ್ಟವಾದ ಉನ್ನತ ಆವರ್ತದ ಅಲೆಯನ್ನು, ಗ್ರಾಹಕದೊಳಗೇ ಹುಟ್ಟಿಸಿದ ಇನ್ನೊಂದು ಅಲೆಯೊಡನೆ ಬೆರೆಸಿ, ನಿಶ್ಚಿತವಾದ ಕೆಳಗಿನ ಆವರ್ತಕ್ಕಿಳಿಸಿ, ಅಲ್ಲಿ ಸಾವಕಾಶವಾಗಿ ಬಲಪಡಿಸುವ ಉಪಾಯವಿದು. ಇತ್ತೀಚಿನ ಅಗ್ಗದ ಚಿಪ್ಪುಗಳು ಕೊಂಚ ಬೇರೆ ದಾರಿ ಹಿಡಿದಿವೆ, ನಿಜ. ಆದರೂ ಪಕ್ಕದ ಚಾನೆಲ್ಲಿನ ಗದ್ದಲವನ್ನು ಬದಿಗೊತ್ತಿ ಬೇಕಾದವನ ಮಾತನ್ನಷ್ಟೇ ಆರಿಸಿಕೊಡಬಲ್ಲ ಒಳ್ಳೆಯ ಕೈರೇಡಿಯೋಗಳಲ್ಲಿ ಇಂದಿಗೂ ಈ ಉಪಾಯವೇ ಇದೆ. 1922ರಲ್ಲಿ ಮೂರನೆಯದೊಂದು ಶೋಧವನ್ನು ಆರ್.ಸಿ.ಎ. ಕಂಪನಿಗೆ ಮಾರಿ, ಹಣದ ಜೊತೆಗೆ 60,000 ಷೇರುಗಳನ್ನು ಪಡೆದು, ಅವನು ಆ ಕಂಪನಿಯ ಅತಿ ದೊಡ್ಡ ಬಿಡಿ ಷೇರುದಾರನಾದನು. ಬಡಪಾಯಿ ವಿಜ್ಞಾನಿಯ ಕಥೆ ಇದಲ್ಲ, ಅವನು ಕೋಟ್ಯಧೀಶನಾಗಿದ್ದನು.

ಆರ್.ಸಿ.ಎ.ಯ ಡೇವಿಡ್ ಸಾರ್ನಾಫ್ ಅವನ ಆಪ್ತಮಿತ್ರ. ಸಾರ್ನಾಫನ ಕಾರ್ಯದರ್ಶಿನಿಯಾಗಿದ್ದ ಮೇರಿಯನ್ ಮ್ಯಾಕಿನ್ನಿಸ್ ಎಂಬಾಕೆಯನ್ನು ಅವನು 1923ರಲ್ಲಿ ಮದುವೆಯಾದನು. ವಧುವಿಗೆ ಕೊಟ್ಟ ಉಡುಗೊರೆ, ಕೈಯಲ್ಲಿ ಹೊತ್ತೊಯ್ಯಬಹುದಾದ ಒಂದು ಸೂಪರ್‌ಹೆಟರೊಡೈನ್ ರೇಡಿಯೋ. ಆ ಜಾತಿಯಲ್ಲಿ ಅದೇ ಮೊದಲನೆಯದು. ಕಡಲ ತೀರದಲ್ಲಿ ಆ ಪೆಟ್ಟಿಗೆಯ ಬಳಿ ಕುಳಿತ ನವದಂಪತಿಗಳ ಚಿತ್ರ ಇಂದಿಗೂ ಇದೆ. ಇಂದಿನ ತೂಕದಲ್ಲಿ ನೋಡಿದರೆ ಅದು ಪೆಟ್ಟಿಗೆಯಲ್ಲ, ಪೆಟಾರಿ! ಅದೇ ವರ್ಷ ಆರ್.ಸಿ.ಎ.ಯ ಕಟ್ಟಡದ ಮೇಲಿನ ಗೋಪುರವನ್ನು ಅವನು ತುದಿಯವರೆಗೂ ಹತ್ತಿ ಚಿತ್ರ ತೆಗೆಸಿಕೊಂಡಾಗ ಸಾರ್ನಾಫ್ ಕೆರಳಿದನು. ಸ್ನೇಹ ಮಾತ್ರ ಆಗ ಕೆಡಲಿಲ್ಲ.

ರೇಡಿಯೋದ ಕರ್ಕಶ ಗರಗರ ಸದ್ದನ್ನು ನಿವಾರಿಸುವ ಉಪಾಯವೊಂದು ಬೇಕೆಂದು ಸಾರ್ನಾಫನೇ ಹಂಬಲಿಸಿದ್ದನು. ಅಂದಿನ ರೇಡಿಯೋ ದನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುತ್ತಿತ್ತು; ಮಿಂಚು ಕಿಡಿಗಳ ಉಪಟಳವೂ ಎತ್ತರವನ್ನೇ ಕೆಡಿಸುವುದರಿಂದ ಎರಡನ್ನೂ ಬೇರ್ಪಡಿಸುವಂತಿರಲಿಲ್ಲ. ಎತ್ತರವನ್ನು ಮುಟ್ಟದೆ ಆವರ್ತವನ್ನೇ ಹಿಗ್ಗಿಸಿ ಕುಗ್ಗಿಸಿದರೆ? ಇದರಿಂದ ಲಾಭವಿಲ್ಲವೆಂದು ಜಾನ್ ಕಾರ್ಸನ್ ಎಂಬ ಗಣಿತಜ್ಞನು 1922ರಲ್ಲೇ ಲೆಕ್ಕ ಹಾಕಿ ತೋರಿಸಿದ್ದನು. ಕಾರ್ಸನನು ಲೆಕ್ಕ ಹಾಕಿದ್ದು ಕಿರಿದಾದ ಹಿಗ್ಗುವಿಕೆಗೆ; ಆರ್ಮ್‌ಸ್ಟ್ರಾಂಗನು ಅದನ್ನು ಧಾರಾಳವಾಗಿ ಹಿಗ್ಗಿಸಿ ನೋಡಿದನು. 1933ರ ಡಿಸೆಂಬರ್ 26ರಂದು ಎಫ್.ಎಂ.ನ ಪೇಟೆಂಟುಗಳು ಅವನ ಕೈಸೇರಿದವು.

ಇಂದಿನ ಕೈರೇಡಿಯೋಗಳು ಆವರ್ತವನ್ನು ಹಿಗ್ಗಿಸುವುದು ಸಂಗೀತ ಪ್ರಸಾರದಷ್ಟಲ್ಲ, ಬಹಳ ಕಡಮೆ. ಆದರೂ ಎಫ್.ಎಂ.ನ ಎರಡು ಗುಣಗಳು ಕಾಡಿನಲ್ಲಿ ದೊಡ್ಡವು. ಎರಡು ಸಂಕೇತಗಳು ಒಮ್ಮೆಗೇ ಬಂದರೆ ಗ್ರಾಹಕವು ಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಬಿಟ್ಟುಬಿಡುತ್ತದೆ. ಅಲೆಯ ಎತ್ತರದಲ್ಲಿ ಮಾತು ಅಡಗಿಲ್ಲದ್ದರಿಂದ ಪ್ರೇಷಕವನ್ನು ಮಿತವ್ಯಯದಿಂದ ನಡೆಸಬಹುದು. ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಅಮೆರಿಕದಲ್ಲಿ ಪರವಾನಗಿ ಬೇಡದ ಕುಟುಂಬ ರೇಡಿಯೋಗಳು 462 ಮತ್ತು 467 ಮೆಗಾಹರ್ಟ್ಸ್‌ಗಳಲ್ಲಿ, ಗರಿಷ್ಠ 2 ವ್ಯಾಟ್ ಶಕ್ತಿಯಲ್ಲಿ ಮಾತನಾಡುತ್ತವೆ. ಅವುಗಳ ಆಂಟೆನಾವನ್ನು ಬದಲಿಸುವಂತಿಲ್ಲ. 150 ಮೆಗಾಹರ್ಟ್ಸ್‌ನ ಆಸುಪಾಸಿನ ಐದು ಚಾನೆಲ್ಲುಗಳ ಇನ್ನೊಂದು ಸೇವೆಯಲ್ಲಿ ಬೇರೆ ಆಂಟೆನಾ ತೊಡಿಸಬಹುದು. ಎಲೆ ಕೊಂಬೆಗಳ ನಡುವೆ ಈ ಉದ್ದದ ಅಲೆಗಳೇ ಮೇಲು. ಬೇಟೆಯ ಬಿಡದಿಗೆ ನಾನಾದರೆ ಇದನ್ನೇ ಆರಿಸಿಯೇನು. ಬೇಟೆಯಾಡುವಾಗ ಒಬ್ಬರಿಗೊಬ್ಬರು ರೇಡಿಯೋದಲ್ಲಿ ಮೃಗದ ಜಾಡು ತಿಳಿಸುವುದನ್ನು ಅಲ್ಲಿನ ಕೆಲವು ಸಂಸ್ಥಾನಗಳು ನಿಷೇಧಿಸಿವೆ. ಪ್ರಾಣಿಯ ಪಕ್ಷದಲ್ಲಿಯೂ ಒಂದಿಷ್ಟು ನ್ಯಾಯವಿರಲಿ ಎಂಬ ಭಾವನೆ. ನಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಯೇ ನಿಷಿದ್ಧ. ಚಾರಣಿಗರಿಗೆ 446 ಮೆಗಾಹರ್ಟ್ಸ್‌ನ ಅಲ್ಪಶಕ್ತಿಯ ಸಲಕರಣೆಗಳಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಅಮೆರಿಕದಿಂದ ಬಂಧುಗಳು ತಂದುಕೊಟ್ಟ ರೇಡಿಯೋ ಇಲ್ಲಿ ಸಲ್ಲದು.

1934ರ ಜೂನಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಎಫ್.ಎಂ. ಪರೀಕ್ಷೆ ನಡೆಯಿತು. ಸುಮಾರು 65 ಮೈಲಿಯಾಚೆಯೂ ದನಿ ಶುಭ್ರವಾಗಿ ಕೇಳಿಸಿತು. ಆದರೆ ಆ ವೇಳೆಗೆ ಸಾರ್ನಾಫನ ಮನಸ್ಸು ಟೆಲಿವಿಷನ್ನಿನ ಕಡೆಗೆ ಹರಿದಿತ್ತು. ಹಳೆಯ ರೇಡಿಯೋದಲ್ಲಿ ಹೂಡಿದ ಹಣವೂ ಅಪಾರವಾಗಿತ್ತು. ಮರುವರ್ಷ ಸಲಕರಣೆಗಳನ್ನು ತೆರವು ಮಾಡಬೇಕೆಂದು ಸೂಚನೆ ಬಂದಿತು. ಅದೇ 1934ರಲ್ಲಿ ಇನ್ನೊಂದು ಪೆಟ್ಟೂ ಬಿದ್ದಿತ್ತು: ಡಿ ಫಾರೆಸ್ಟನೊಡನೆ ವರ್ಷಾನುಗಟ್ಟಲೆ ನಡೆದ ವ್ಯಾಜ್ಯದಲ್ಲಿ ಅಮೆರಿಕದ ಶ್ರೇಷ್ಠ ನ್ಯಾಯಾಲಯವು ಮೊದಲ ಶೋಧದ ಹಕ್ಕನ್ನು ಡಿ ಫಾರೆಸ್ಟನಿಗೆ ಕೊಟ್ಟಿತು. ಆ ಶೋಧಕ್ಕಾಗಿ ರೇಡಿಯೋ ಎಂಜಿನಿಯರುಗಳ ಸಂಸ್ಥೆ ಕೊಟ್ಟಿದ್ದ ಪದಕವನ್ನು ಆರ್ಮ್‌ಸ್ಟ್ರಾಂಗನು ಹಿಂದಿರುಗಿಸಹೋದನು. ಅವರು ತೆಗೆದುಕೊಳ್ಳಲೊಪ್ಪದೆ ಅದು ಅವನದೇ ಎಂದು ಎತ್ತಿಹಿಡಿದರು. ವಿಜ್ಞಾನಿಗಳ ಲೋಕದಲ್ಲಿ ತೀರ್ಪು ಹಾಗಾಯಿತು; ನ್ಯಾಯಶಾಸ್ತ್ರದ ಲೋಕದಲ್ಲಿ ಹೀಗಾಯಿತು.

ಛಲಗಾರನು ಸ್ವಂತ ಹಣದಿಂದ ನ್ಯೂಜೆರ್ಸಿಯ ಆಲ್ಪೈನ್ ಎಂಬಲ್ಲಿ, ಹಡ್ಸನ್ ನದಿಯ ಬಂಡೆಗಳ ನೆತ್ತಿಯಲ್ಲಿ, 400 ಅಡಿಗೂ ಮೀರಿದ ಗೋಪುರವನ್ನೆತ್ತಿದನು. 1940ರಲ್ಲಿ ಆರ್.ಸಿ.ಎ. ಒಂದೇ ಗಂಟಿನಲ್ಲಿ 10 ಲಕ್ಷ ಡಾಲರು ಕೊಡಲು ಮುಂದೆ ಬಂದಿತು. ಉಳಿದವರೆಲ್ಲ ಮಾರಾಟದ ಮೇಲೆ ಶೇಕಡಾ 2ರಂತೆ ಕೊಡುತ್ತಿರುವಾಗ ಒಬ್ಬರಿಗೆ ಬೇರೆ ನ್ಯಾಯವೇಕೆಂದು ಅವನು ಒಪ್ಪಲಿಲ್ಲ. ಹಟವೆನ್ನುವವರು ಹಟವೆನ್ನಲಿ, ನನಗೆ ಅದರಲ್ಲಿ ತಪ್ಪು ಕಾಣದು.

ಎರಡನೆಯ ಮಹಾಯುದ್ಧ ಬಂದಾಗ ಇಂಥ ಹಟವಾದಿಯೇ ತನ್ನ ಎಫ್.ಎಂ. ಪೇಟೆಂಟುಗಳನ್ನು ಸೈನ್ಯದ ಉಪಯೋಗಕ್ಕೆ ಕಾಸು ಕೇಳದೆ ಬಿಟ್ಟುಕೊಟ್ಟನು. ಮೋಟೊರೋಲ ಕಂಪನಿಯು ಸೈನ್ಯಕ್ಕೆ ಎರಡು ಬಗೆಯ ರೇಡಿಯೋಗಳನ್ನು ಮಾಡಿಕೊಟ್ಟಿತು. ಕೈಯಲ್ಲಿ ಹಿಡಿಯುವುದು ಹಳೆಯ ಪದ್ಧತಿಯದು, ಸುಮಾರು 5 ಪೌಂಡಿನದು. ಅದು ಒಂದು ಮೈಲಿ ಸಾಗಿದರೆ ಹೆಚ್ಚು. ಬೆನ್ನಿಗೆ ಕಟ್ಟುವುದು ಎಫ್.ಎಂ.ನದು, 30 ಪೌಂಡಿಗೂ ಹೆಚ್ಚು ಭಾರದ್ದು, ಸುಮಾರು 3 ಮೈಲಿ ಕೇಳಿಸುವಂಥದು. ವಾಕಿ-ಟಾಕಿ ಎಂಬ ಹೆಸರು ಆಗ ಈ ಬೆನ್ನಿನ ಮೂಟೆಗಿತ್ತು. ಮುಂದಿನ ವರ್ಷಗಳಲ್ಲಿ ಎಫ್.ಎಂ. ಕೈಗಿಳಿದು ಬಂದಿತು, ಹೆಸರೂ ಅದರೊಡನೆ ಬಂದಿತು.

1945ರಲ್ಲಿ ಸರ್ಕಾರದ ಆಯೋಗವು ಎಫ್.ಎಂ. ಪ್ರಸಾರವನ್ನು ಹಳೆಯ ಪಟ್ಟಿಯಿಂದ ಎಬ್ಬಿಸಿ 88ರಿಂದ 108 ಮೆಗಾಹರ್ಟ್ಸ್‌ಗೆ ಸರಿಸಿತು. ಜನ ಕೊಂಡಿದ್ದ ಲಕ್ಷಗಟ್ಟಲೆ ರೇಡಿಯೋಗಳು ಒಂದೇ ಆಜ್ಞೆಗೆ ನಿರುಪಯೋಗಿಯಾದವು. 1948ರಲ್ಲಿ ಅವನು ಆರ್.ಸಿ.ಎ.ಯ ಮೇಲೆ ದಾವೆ ಹೂಡಿದನು. ಎದುರು ಪಕ್ಷದ ವಕೀಲರ ಪ್ರಶ್ನೆಗಳು ಒಂದು ವರ್ಷಕ್ಕೂ ಮಿಕ್ಕಿ ನಡೆದವು. ಅಷ್ಟರಲ್ಲಿ ಪೇಟೆಂಟುಗಳ ಅವಧಿ ತೀರಿತು, ಸಂಪತ್ತು ಕರಗಿತು, ಮನಸ್ಸು ಕಹಿಯಾಯಿತು. 1953ರ ನವೆಂಬರಿನಲ್ಲಿ ಕೋಪದ ಭರದಲ್ಲಿ ಅವನು ಹೆಂಡತಿಯ ಮೇಲೆ ಕೈಮಾಡಿದನು. ಅಗ್ಗಿಷ್ಟಿಕೆಯ ಕಬ್ಬಿಣದ ಸಲಾಕೆ ಅವನ ಕೈಯಲ್ಲಿತ್ತು. ಇದನ್ನು ಮರೆಮಾಚಿ ಅವನನ್ನು ಹೊಗಳುವುದು ಸಲ್ಲದು. ಮೇರಿಯನ್ ಮನೆ ಬಿಟ್ಟು ಸೋದರಿಯ ಬಳಿಗೆ ಹೋದಳು.

1954ರ ಜನವರಿ 31ರ ರಾತ್ರಿ, ಆ ಮೊದಲ ನಕ್ಷೆಗೆ ಮುದ್ರೆ ಬಿದ್ದ ದಿನದಿಂದ ಸರಿಯಾಗಿ 41 ವರ್ಷಗಳ ಬಳಿಕ, ಅವನು ಓವರ್‌ಕೋಟು, ಹ್ಯಾಟು, ಕೈಗವಸುಗಳನ್ನು ಧರಿಸಿ, ಹೆಂಡತಿಗೊಂದು ಕಾಗದ ಬರೆದಿಟ್ಟು, ನ್ಯೂಯಾರ್ಕಿನ ತನ್ನ 13ನೆಯ ಅಂತಸ್ತಿನ ಮನೆಯ ಕಿಟಕಿಯಿಂದ ಕೆಳಗೆ ಬಿದ್ದು ಪ್ರಾಣ ಬಿಟ್ಟನು. ಅವನಿಗಾಗ 63 ವರ್ಷ.

ವ್ಯಾಜ್ಯವನ್ನು ಮೇರಿಯನ್ ಕೈಬಿಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಆರ್.ಸಿ.ಎ. ಸುಮಾರು ಹತ್ತೂವರೆ ಲಕ್ಷ ಡಾಲರು ಕೊಟ್ಟು ರಾಜಿಯಾಯಿತು. 1940ರಲ್ಲಿ ಆಡಿದ ಮೊತ್ತಕ್ಕಿಂತ ಅದು ಹೆಚ್ಚೇನೂ ಅಲ್ಲ. ಉಳಿದ ಕಂಪನಿಗಳ ಮೇಲೆ ಆಕೆ ಒಂದಾದ ಮೇಲೊಂದರಂತೆ ಮೊಕದ್ದಮೆ ನಡೆಸಿ ಗೆದ್ದಳು. ಕಟ್ಟಕಡೆಯದು ಮುಗಿದದ್ದು 1967ರಲ್ಲಿ. ಸೋತ ಪಕ್ಷ ಮೋಟೊರೋಲ. ಸೈನಿಕರ ಬೆನ್ನಿಗೆ ಎಫ್.ಎಂ. ವಾಕಿ-ಟಾಕಿಯನ್ನು ಕಟ್ಟಿಕೊಟ್ಟ ಆ ಕಂಪನಿಯೇ.