ಪುಟದ ಮೇಲಿನ ತಾರತಮ್ಯ: ಯಾನ್ ಚಿಕೋಲ್ಡ್‌ನ ಬದುಕು ಮತ್ತು ಮುದ್ರಣವಿಚಾರ

ಗ್ರಂಥವೊಂದರ ಅರ್ಥವು ಪದಗಳಲ್ಲಿ ಮಾತ್ರವಲ್ಲದೆ, ಆ ಪದಗಳು ಪುಟದ ಮೇಲೆ ಪಡೆಯುವ ಸ್ಥಾನ, ಗಾತ್ರ ಮತ್ತು ಅಂತರಗಳಲ್ಲಿಯೂ ನೆಲೆಗೊಂಡಿರುತ್ತದೆ. ಓದುಗನ ಕಣ್ಣು ಯಾವುದನ್ನು ಮೊದಲು, ಯಾವುದನ್ನು ಅನಂತರ ಕಾಣಬೇಕೆಂಬ ಪ್ರಶ್ನೆಯನ್ನು ಶಾಸ್ತ್ರಬದ್ಧವಾಗಿ ಚಿಂತಿಸಿದವರಲ್ಲಿ ಜರ್ಮನಿಯ ಯಾನ್ ಚಿಕೋಲ್ಡ್ ಪ್ರಮುಖನು.

1902ರಲ್ಲಿ ಲೈಪ್‌ಜಿಗ್ ನಗರದಲ್ಲಿ, ಫಲಕಗಳಿಗೆ ಅಕ್ಷರ ಬರೆಯುವ ಕುಶಲಕರ್ಮಿಯ ಮಗನಾಗಿ ಜನಿಸಿದ ಚಿಕೋಲ್ಡ್ ಅಲ್ಲಿಯೇ ಲಿಪಿಕಲೆಯನ್ನು ಅಭ್ಯಾಸ ಮಾಡಿದನು. 1923ರಲ್ಲಿ ವೈಮಾರ್‌ನಲ್ಲಿ ನಡೆದ ಬೌಹೌಸ್ ಕಲಾಶಾಲೆಯ ಪ್ರದರ್ಶನವು ಅವನ ದೃಷ್ಟಿಯನ್ನು ಬದಲಿಸಿತು. 1928ರಲ್ಲಿ ಹೊರತಂದ, ಹೊಸ ಮುದ್ರಣವಿನ್ಯಾಸವನ್ನು ಕುರಿತ ಗ್ರಂಥದಲ್ಲಿ, ಸಾಲುಗಳನ್ನೆಲ್ಲ ಪುಟದ ನಡುವೆ ಸಮವಾಗಿ ಜೋಡಿಸುವ ಹಳೆಯ ಪದ್ಧತಿಯನ್ನು ಅವನು ತಿರಸ್ಕರಿಸಿದನು. ಅಂತಹ ಜೋಡಣೆಯು ವಿಷಯದ ಮಹತ್ತ್ವವನ್ನು ಮರೆಮಾಡುತ್ತದೆ. ಅಕ್ಷರದ ಗಾತ್ರ, ದಪ್ಪ, ಸ್ಥಾನಗಳೂ ಸುತ್ತಲಿನ ಖಾಲಿ ಜಾಗವೂ ವಿಷಯದ ತಾರತಮ್ಯವನ್ನೇ ಅನುಸರಿಸಬೇಕು ಎಂಬುದು ಅವನ ವಾದವಾಗಿತ್ತು.

1933ರ ಮಾರ್ಚ್‌ನಲ್ಲಿ ನಾಜಿ ಆಡಳಿತವು ಅವನನ್ನು ಬಂಧಿಸಿತು. ಕೆಲವು ವಾರಗಳ ಸೆರೆವಾಸದ ಬಳಿಕ ಅವನು ಕುಟುಂಬದೊಡನೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರವನ್ನು ಸೇರಿದನು. ಮುಂದಿನ ವರ್ಷಗಳಲ್ಲಿ ಅವನ ನಿಲುವು ಸಡಿಲಗೊಂಡಿತು. ಒಂದೇ ವಿಧಾನವನ್ನು ಎಲ್ಲರ ಮೇಲೂ ಹೇರುವ ತನ್ನ ಹಿಂದಿನ ಹಟಕ್ಕೂ, ತನ್ನನ್ನು ದೇಶಬಿಡಿಸಿದ ಸರ್ವಾಧಿಕಾರಕ್ಕೂ ಇರುವ ಹೋಲಿಕೆಯನ್ನು ಅವನೇ ಗುರುತಿಸಿದನು. ಪುಸ್ತಕಗಳಿಗೆ ಹಳೆಯ ಸಮವಿನ್ಯಾಸವನ್ನೇ ಮತ್ತೆ ಬಳಸತೊಡಗಿದಾಗ, 1946ರಲ್ಲಿ ವಿನ್ಯಾಸಕಾರ ಮ್ಯಾಕ್ಸ್ ಬಿಲ್ ಅವನನ್ನು ಬಹಿರಂಗವಾಗಿ ಖಂಡಿಸಿದನು.

1947ರಿಂದ 1949ರವರೆಗೆ ಇಂಗ್ಲೆಂಡಿನ ಪೆಂಗ್ವಿನ್ ಪ್ರಕಾಶನದಲ್ಲಿ ಅವನು ಮಾಡಿದ ಕಾರ್ಯವು ಈ ಚಿಂತನೆಯ ಫಲವಾಗಿದೆ. ಪದಗಳ ನಡುವೆ ಕಡಿಮೆ ಅಂತರ, ದೊಡ್ಡಕ್ಷರಗಳ ನಡುವೆ ಸಮತೋಲದ ಅಂತರ, ಪರಿಚ್ಛೇದಾರಂಭದಲ್ಲಿ ಒಳಸರಿಕೆ, ಅಡಿಟಿಪ್ಪಣಿಗೆ ಕಿರಿದಾದ ಅಕ್ಷರ ಮುಂತಾದ ನಿಯಮಗಳನ್ನು ಮೊಳೆ ಜೋಡಿಸುವವರಿಗಾಗಿ ಕೇವಲ ನಾಲ್ಕು ಪುಟಗಳಲ್ಲಿ ರೂಪಿಸಿದನು. ಅಗ್ಗದ ಪುಸ್ತಕವನ್ನು ಕೊಳ್ಳುವ ಓದುಗನಿಗೂ ಸುವ್ಯವಸ್ಥಿತ ಪುಟ ದೊರೆಯುವಂತಾಯಿತು. 1967ರಲ್ಲಿ ಅವನು ರಚಿಸಿದ ಸಬೋನ್ ಅಕ್ಷರಮಾದರಿಯು ಬಳಕೆಗೆ ಬಂದಿತು. 1974ರಲ್ಲಿ ಲೊಕಾರ್ನೊದಲ್ಲಿ ಅವನು ನಿಧನನಾದನು.

ಚಿಕೋಲ್ಡ್‌ನ ಬದುಕಿನಲ್ಲಿ ವಿನ್ಯಾಸದ ರೂಪವು ಬದಲಾಯಿತು. ವಿಷಯದ ತಾರತಮ್ಯವು ಕಣ್ಣಿಗೆ ಸ್ಪಷ್ಟವಾಗಬೇಕೆಂಬ ನಿಷ್ಠೆ ಬದಲಾಗಲಿಲ್ಲ. ಮೂಲಪಾಠ, ಪಾಠಾಂತರ, ಟಿಪ್ಪಣಿಗಳನ್ನು ಒಂದೇ ಪುಟದಲ್ಲಿ ಅಳವಡಿಸುವ ಗ್ರಂಥಸಂಪಾದಕನೂ ಇಂತಹ ನಿರ್ಣಯವನ್ನೇ ಕೈಗೊಳ್ಳುತ್ತಾನೆ. ಆದುದರಿಂದ ಪುಟವಿನ್ಯಾಸವನ್ನು ಮುದ್ರಣಾಲಯದ ಹೊಣೆಯೆಂದು ಬಿಡದೆ, ಸಂಪಾದನಕಾರ್ಯದ ಭಾಗವೆಂದೇ ಪರಿಗಣಿಸುವುದು ಉಚಿತ.